ಹೆಡರ್ ಎಂದರೆ ತಲೆಬರಹವಲ್ಲ: ಯಂತ್ರದೋಣಿಯ ಹೊಗೆಕೊಳವೆಯ ತೊಂದರೆಗಳು

ಕಳೆದ ಸೆಮಿಸ್ಟರಿನಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಅನುವಾದದ ಅಭ್ಯಾಸಕ್ಕೆಂದು ಯಂತ್ರದೋಣಿಗೆ ಸಂಬಂಧಿಸಿದ ಒಂದು ಇಂಗ್ಲಿಷ್ ಪರಿಚ್ಛೇದವನ್ನು ಕೊಟ್ಟಿದ್ದೆ. ಕಥೆ, ಕವಿತೆಗಳಲ್ಲಿ ಪಳಗಿದ ಕೈಗಳು ತಾಂತ್ರಿಕ ಬರಹದ ಎದುರು ಹೇಗೆ ನಡೆಯುತ್ತವೆ ಎಂಬುದನ್ನು ನೋಡುವುದು ನನ್ನ ಉದ್ದೇಶವಾಗಿತ್ತು. ಅದರಲ್ಲಿ ‘ಎಕ್ಸಾಸ್ಟ್ ಹೆಡರ್’ ಎಂಬ ಮಾತು ಬಂದಿತ್ತು. ಒಬ್ಬರು ಅದನ್ನು ‘ನಿಷ್ಕಾಸ ತಲೆಬರಹ’ ಎಂದು ಬರೆದರು. ಇನ್ನೊಬ್ಬರು ‘ದಣಿದ ಶೀರ್ಷಿಕೆ’ ಎಂದರು. ‘ಆಫ್ಟರ್‌ಮಾರ್ಕೆಟ್’ ಎಂಬುದು ‘ಸಂತೆ ಮುಗಿದ ಮೇಲಿನ’ ಎಂದಾಗಿತ್ತು. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಉತ್ತರಪತ್ರಿಕೆಗಳನ್ನು ಮನೆಗೆ ತಂದು ಮತ್ತೊಮ್ಮೆ ಓದಿದಾಗ ನಗು ನಿಂತಿತು. ಏಕೆಂದರೆ ಆ ಪರಿಚ್ಛೇದವು ಒಂದು ಎಚ್ಚರಿಕೆಯಾಗಿತ್ತು: ಆ ಕೊಳವೆ ಸೀಳಿದರೆ ಎಂಜಿನ್ನಿನೊಳಗೆ ನೀರು ನುಗ್ಗುತ್ತದೆ, ದೋಣಿಯೊಳಗೆ ವಿಷಾನಿಲ ತುಂಬುತ್ತದೆ ಎಂದು ಅದು ಹೇಳುತ್ತಿತ್ತು. ಮೂವತ್ತು ಅನುವಾದಗಳಲ್ಲಿ ಒಂದನ್ನು ಓದಿಯೂ ಯಾರೂ ಎಚ್ಚರಗೊಳ್ಳುವಂತಿರಲಿಲ್ಲ.

ತಪ್ಪು ನಿಘಂಟಿನದಲ್ಲ. ವಸ್ತುವನ್ನು ಅರಿಯದೆ ಪದವನ್ನು ಹುಡುಕಿದ್ದೇ ತಪ್ಪು. ಆದುದರಿಂದ ಆ ವಸ್ತು ಯಾವುದು, ಅದು ಏಕೆ ತೊಂದರೆ ಕೊಡುತ್ತದೆ ಎಂಬುದನ್ನು ಈ ಬರಹದಲ್ಲಿ ಮೊದಲಿನಿಂದ ವಿವರಿಸಲು ಯತ್ನಿಸಿದ್ದೇನೆ.

ನೆಲದ ಎಂಜಿನ್, ನೀರಿನ ಎಂಜಿನ್

ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿ ಉರಿದು ಪಿಸ್ಟನ್ನನ್ನು ತಳ್ಳುತ್ತವೆ. ಉರಿದುಳಿದ ಅನಿಲವು ಕವಾಟದ ಮೂಲಕ ಹೊರಬೀಳುತ್ತದೆ. ಆ ಕ್ಷಣದಲ್ಲಿ ಅದರ ಉಷ್ಣತೆ ಸುಮಾರು 650ರಿಂದ 800 ಡಿಗ್ರಿ ಸೆಲ್ಸಿಯಸ್. ನಮ್ಮ ಕಡೆ ಹೊಳೆಯ ದಂಡೆಯ ಡೀಸೆಲ್ ಪಂಪಿನ ಹೊಗೆಕೊಳವೆಗೆ ಒಮ್ಮೆಯಾದರೂ ಕೈ ತಗುಲಿಸಿಕೊಂಡವರಿಗೆ ಈ ಬಿಸಿಯ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಪಂಪು ಬಯಲಿನಲ್ಲಿರುತ್ತದೆ, ಕಾರಿನ ಕೊಳವೆಯಾದರೆ ಗಾಡಿಯ ಅಡಿಯಲ್ಲಿ ಬೀಸುವ ಗಾಳಿಗೆ ಆರುತ್ತದೆ.

ದೋಣಿಯಲ್ಲಿ ಈ ಅನುಕೂಲವಿಲ್ಲ. ಎಂಜಿನ್ ಮುಚ್ಚಿದ ಪೆಟ್ಟಿಗೆಯಂತಹ ಕೋಣೆಯೊಳಗಿರುತ್ತದೆ. ಸುತ್ತಲೂ ಫೈಬರಿನ ಗೋಡೆ, ರಬ್ಬರಿನ ನಳಿಗೆ, ವಿದ್ಯುತ್ ತಂತಿ, ಪೆಟ್ರೋಲಿನ ಟಾಕಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಅದು ದೋಣಿಯ ತಳದಲ್ಲಿ ಇಳಿದು ನಿಲ್ಲುತ್ತದೆ. ಅದು ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಲು 250ರಿಂದ 280 ಡಿಗ್ರಿಯ ಬಿಸಿ ಸಾಕು. ಅಂದಮೇಲೆ ಕೆಂಪಗೆ ಕಾದ ಬರಿಯ ಕೊಳವೆಯನ್ನು ಆ ಕೋಣೆಯಲ್ಲಿ ಇಡುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯವೇ ನೀರಿನ ಅಂಗಿ. ಕೊಳವೆಯ ಸುತ್ತ ಇನ್ನೊಂದು ಗೋಡೆ ಕಟ್ಟಿ, ಎರಡರ ನಡುವೆ ಹೊರಗಿನ ನೀರನ್ನು ಹರಿಸುತ್ತಾರೆ. ಒಳಗೆ ಬೆಂಕಿ, ಹೊರಗೆ ನೀರು, ನಡುವೆ ಲೋಹದ ಒಂದು ತೆಳುವಾದ ಹಾಳೆ. ಮುಂದೆ ಹೇಳುವ ಎಲ್ಲ ತೊಂದರೆಗಳ ಬೀಜ ಇಲ್ಲಿದೆ.

ಕಾರ್ಖಾನೆ ಕೊಟ್ಟ ವ್ಯವಸ್ಥೆ

ಅಮೆರಿಕದ ಯಂತ್ರದೋಣಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಮೋಟಾರುಗಾಡಿಗಳ ಎಂಟು ಸಿಲಿಂಡರಿನ ಎಂಜಿನ್ನುಗಳನ್ನೇ ನೀರಿಗೆ ಒಗ್ಗಿಸಿದ ಮಾದರಿಗಳು. ಷೆವ್ರೊಲೆ ಕಂಪನಿಯ 7.4 ಲೀಟರಿನ ಎಂಜಿನ್ ಇವುಗಳಲ್ಲಿ ಪ್ರಸಿದ್ಧವಾದುದು. ‘ವಿ’ ಆಕಾರದಲ್ಲಿ ಒಂದೊಂದು ಮಗ್ಗುಲಿಗೆ ನಾಲ್ಕರಂತೆ ಸಿಲಿಂಡರುಗಳಿರುತ್ತವೆ. ಪ್ರತಿ ಮಗ್ಗುಲಿನ ನಾಲ್ಕು ಬಾಯಿಗಳಿಂದ ಬರುವ ಹೊಗೆಯನ್ನು ಎರಕದ ಕಬ್ಬಿಣದ ದಪ್ಪನೆಯ ಒಂದು ಕೂಡುಗೊಳವೆ ಒಟ್ಟುಗೂಡಿಸುತ್ತದೆ. ಇದನ್ನು ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದರ ತುದಿಯಲ್ಲಿ ಮೇಲಕ್ಕೇರಿ ಕೆಳಕ್ಕೆ ಬಾಗುವ ಒಂದು ಮೊಣಕೈಯಿದೆ, ಅದು ರೈಸರ್. ಅಂಗಿಯಲ್ಲಿ ಹರಿದು ಬಂದ ನೀರು ಈ ಬಾಗಿನ ಆಚೆಗೆ ಹೊಗೆಯೊಡನೆ ಬೆರೆಯುತ್ತದೆ. ಹೊಗೆ ಒಮ್ಮೆಲೇ ತಣಿಯುತ್ತದೆ, ಸದ್ದು ಅಡಗುತ್ತದೆ, ಮುಂದಿನ ದಾರಿಗೆ ರಬ್ಬರಿನ ನಳಿಗೆಯೇ ಸಾಕಾಗುತ್ತದೆ.

ಬಾಗು ಮೇಲಕ್ಕೇರಿ ಇಳಿಯುವುದರಲ್ಲಿ ಒಂದು ಅರ್ಥವಿದೆ. ಬೆರೆತ ನೀರು ಇಳಿಜಾರಿನಲ್ಲಿ ಹೊರಕ್ಕೇ ಹರಿಯಬೇಕು. ದಿಬ್ಬವನ್ನು ದಾಟಿ ಎಂಜಿನ್ನಿನ ಕಡೆಗೆ ಮರಳಬಾರದು. ಹೊಲದಲ್ಲಿ ನೀರು ಬಿಡುವವನು ಒಡ್ಡು ಕಟ್ಟುವಂತೆ ಇದು ಎಂಜಿನ್ ಕಟ್ಟಿದವನ ಒಡ್ಡು.

ಹೆಡರ್ ಏಕೆ ಬೇಕಾಯಿತು?

ಎರಕದ ಕೂಡುಗೊಳವೆ ಗಟ್ಟಿ, ಅಗ್ಗ. ಆದರೆ ಹೊಗೆಯ ಸರಾಗವಾದ ದಾರಿಯಲ್ಲ. ಎಂಜಿನ್ನಿನ ಎಂಟು ಸಿಲಿಂಡರುಗಳು 1-8-4-3-6-5-7-2 ಎಂಬ ಕ್ರಮದಲ್ಲಿ, ತೊಂಬತ್ತು ತೊಂಬತ್ತು ಡಿಗ್ರಿಗಳ ಅಂತರದಲ್ಲಿ ಉರಿಯುತ್ತವೆ. ಬೆಸ ಸಂಖ್ಯೆಯವು ಒಂದು ಮಗ್ಗುಲು. ಆ ಮಗ್ಗುಲಿನ ಹೊಗೆಯ ಬಡಿತಗಳನ್ನು ಎಣಿಸಿದರೆ ಅವುಗಳ ನಡುವಿನ ಅಂತರ 270, 180, 90, 180 ಡಿಗ್ರಿ. 5 ಮತ್ತು 7ನೆಯ ಸಿಲಿಂಡರುಗಳು ಒಂದರ ಬೆನ್ನಿಗೆ ಒಂದು ಉಸಿರು ಬಿಡುತ್ತವೆ. ಒಂದರ ಹೊಗೆ ಇನ್ನೂ ಹೊರಗೆ ಹೋಗುತ್ತಿರುವಾಗಲೇ ಪಕ್ಕದ್ದು ನುಗ್ಗಿ ಬಂದು ದಾರಿಗಡ್ಡವಾಗುತ್ತದೆ. ಪಂಕ್ತಿಯ ಊಟ ಮುಗಿಸಿ ಎಲ್ಲರೂ ಒಂದೇ ಬಾಗಿಲಿನಿಂದ ಹೊರಟಂತೆ ಇದು.

ಈ ಇಕ್ಕಟ್ಟನ್ನು ಬಿಡಿಸಲು ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾದ, ಉದ್ದದಲ್ಲಿ ಸಾಧ್ಯವಾದಷ್ಟು ಸಮಾನವಾದ ಕೊಳವೆಯನ್ನು ಕೊಟ್ಟು, ನಾಲ್ಕನ್ನೂ ಮುಂದೆ ಒಂದು ಕೂಡಲಿನಲ್ಲಿ ಸೇರಿಸುತ್ತಾರೆ. ಈ ಕೊಳವೆಗಳ ಗುಂಪೇ ಹೆಡರ್. ಒಂದು ಕೊಳವೆಯಲ್ಲಿ ಹೊಗೆ ವೇಗವಾಗಿ ಹೊರಬಿದ್ದಾಗ ಅದರ ಹಿಂದೆ ಒತ್ತಡ ತಗ್ಗುತ್ತದೆ. ಕೂಡಲಿನಿಂದ ಮರಳುವ ಒತ್ತಡದ ಅಲೆಯೂ ಸರಿಯಾದ ಹೊತ್ತಿಗೆ ಬಂದರೆ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಅದು ಸೆಳೆದೊಯ್ಯುತ್ತದೆ. ಆ ಜಾಗಕ್ಕೆ ಹೊಸ ಗಾಳಿ ಹೆಚ್ಚು ಬರುತ್ತದೆ, ಶಕ್ತಿ ಹೆಚ್ಚುತ್ತದೆ. ತತ್ತ್ವ ಸರಿಯಾದುದೇ. ಆದರೆ ಅಲೆಯ ಈ ಹೊಂದಿಕೆ ಕೊಳವೆಯ ಉದ್ದಕ್ಕೆ ತಕ್ಕ ಒಂದು ವೇಗದ ಸುತ್ತಮುತ್ತ ಮಾತ್ರ ಕೂಡಿಬರುತ್ತದೆ. ಬೇರೆ ವೇಗದಲ್ಲಿ ಅದೇ ಅಲೆ ಹೊಗೆಯನ್ನು ಹಿಂದಕ್ಕೆ ತಳ್ಳಲೂಬಹುದು.

ಲಾಭದ ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. ದೋಣಿಯ ಪಂಖವನ್ನು ತಿರುಗಿಸಲು ಬೇಕಾಗುವ ಶಕ್ತಿ ಸ್ಥೂಲವಾಗಿ ಸುತ್ತುಗಳ ಘನಕ್ಕೆ ಅನುಗುಣವಾಗಿ ಏರುತ್ತದೆ. ಹೆಡರಿನಿಂದ ಎಂಜಿನ್ನಿನ ಶಕ್ತಿ ನೂರಕ್ಕೆ ಹತ್ತರಷ್ಟು ಹೆಚ್ಚಿತೆಂದೇ ಇಟ್ಟುಕೊಳ್ಳಿ. ಸುತ್ತುಗಳು ಹೆಚ್ಚುವುದು ನೂರಕ್ಕೆ ಸುಮಾರು ಮೂರು ಮಾತ್ರ. ನಿಮಿಷಕ್ಕೆ 5000 ಸುತ್ತುವ ಎಂಜಿನ್ 5160 ಸುತ್ತೀತು, ಅಷ್ಟೆ. ಈ ಮೂರರ ಆಸೆಗೆ ಮಾಲಕನು ಏನನ್ನು ಪಣಕ್ಕಿಡುತ್ತಾನೆ ಎಂಬುದನ್ನು ಇನ್ನು ನೋಡೋಣ.

ಒಂದು ಪದದ ಸ್ಪಷ್ಟನೆ. ‘ಆಫ್ಟರ್‌ಮಾರ್ಕೆಟ್’ ಎಂದರೆ ನಮ್ಮ ಪೇಟೆಯಲ್ಲಿ ಹೇಳುವ ‘ಡುಪ್ಲಿಕೇಟ್’ ಅಲ್ಲ. ಡುಪ್ಲಿಕೇಟ್ ಮಾಲು ಒರಿಜಿನಲ್ಲಿನ ಸೋಗು ಹಾಕುತ್ತದೆ, ಇದು ಹಾಕುವುದಿಲ್ಲ. ಮೂಲ ತಯಾರಕನಲ್ಲದ ಬೇರೊಬ್ಬನು ತನ್ನ ಹೆಸರಿನಲ್ಲಿಯೇ ಮಾಡಿ ಮಾರುವ, ಯಂತ್ರ ಕೊಂಡ ಮೇಲೆ ಜೋಡಿಸಿಕೊಳ್ಳುವ ಭಾಗ ಇದು. ಒಳ್ಳೆಯದೂ ಇರುತ್ತದೆ, ಕೆಟ್ಟದೂ ಇರುತ್ತದೆ. ಆದರೆ ನಿಮ್ಮ ಎಂಜಿನ್ನಿನೊಡನೆ ಅದರ ಹೊಂದಿಕೆಯನ್ನು ನೋಡಿಕೊಳ್ಳುವ ಹೊಣೆ ಮೂಲ ತಯಾರಕನದಲ್ಲ, ನಿಮ್ಮದು.

ನೀರು ಮರಳುವುದು

ಹೆಡರಿನ ತೊಂದರೆಗಳಲ್ಲಿ ಇದು ಮೊದಲನೆಯದು. ಪಿಸ್ಟನ್ನಿನ ಒಂದು ಆವರ್ತನದಲ್ಲಿ ಹೊಗೆಯ ಕವಾಟ ಮುಚ್ಚುವ ಮೊದಲೇ ಗಾಳಿಯ ಕವಾಟ ತೆರೆಯಲು ತೊಡಗುತ್ತದೆ. ಎರಡೂ ತೆರೆದಿರುವ ಈ ಅಲ್ಪಕಾಲವನ್ನು ಕವಾಟಗಳ ಅತಿವ್ಯಾಪ್ತಿ ಎನ್ನಬಹುದು. ಹೆಡರ್ ಹಾಕಿಸುವ ಹುರುಪಿನವರು ಬಹುಮಟ್ಟಿಗೆ ಕ್ಯಾಮ್ ದಂಡವನ್ನೂ ಬದಲಿಸಿ ಈ ಕಾಲವನ್ನು ಹಿಗ್ಗಿಸಿರುತ್ತಾರೆ. ಪೂರ್ಣ ವೇಗದಲ್ಲಿ ಅದರಿಂದ ಲಾಭವೇ ಉಂಟು. ಆದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಗಾಳಿಯ ದಾರಿ ಬಹಳಷ್ಟು ಮುಚ್ಚಿರುತ್ತದೆ. ಅಲ್ಲಿ ಬಲವಾದ ನಿರ್ವಾತವಿರುತ್ತದೆ. ಎರಡೂ ಕವಾಟ ತೆರೆದ ಕ್ಷಣದಲ್ಲಿ ಆ ನಿರ್ವಾತವು ಹೊಗೆಯನ್ನು ಕೊಳವೆಯಿಂದ ಹಿಂದಕ್ಕೆ ಎಳೆಯುತ್ತದೆ. ಕಾರಿನಲ್ಲಾದರೆ ಬರಿಯ ಹೊಗೆ ಮರಳುತ್ತದೆ, ಎಂಜಿನ್ ಕುಂಟುತ್ತದೆ, ಅಷ್ಟಕ್ಕೆ ಮುಗಿಯಿತು. ದೋಣಿಯಲ್ಲಿ ಆ ಹೊಗೆಯೊಡನೆ ನೀರಿನ ಹನಿಗಳೂ ಮರಳುತ್ತವೆ.

ನೀರು ಬೆರೆಯುವ ಜಾಗ ಕೂಡಲಿಗೆ ಹತ್ತಿರವಿದ್ದಷ್ಟೂ, ಕೊಳವೆಯ ಬಾಗು ತಗ್ಗಿನಲ್ಲಿದ್ದಷ್ಟೂ ಈ ಅಪಾಯ ಹೆಚ್ಚು. ಅಂದವಾಗಿ ಕಾಣಲೆಂದು ಮಟ್ಟಸವಾಗಿ ಬಾಗಿಸಿದ ಹೆಡರುಗಳಲ್ಲಿ ನಾನು ಮೇಲೆ ಹೇಳಿದ ಒಡ್ಡು ಇಲ್ಲದಂತಾಗಿರುತ್ತದೆ. ಮರಳಿದ ಹನಿಗಳು ಮೊದಲು ಕಾದ ಕವಾಟವನ್ನು ತಾಕುತ್ತವೆ. ಎಂಜಿನ್ ನಿಂತ ಮೇಲೆ ಕವಾಟದ ಪೀಠದಲ್ಲಿ, ಸಿಲಿಂಡರಿನ ಗೋಡೆಯಲ್ಲಿ ತುಕ್ಕು ಕಟ್ಟುತ್ತದೆ. ಕವಾಟ ಸರಿಯಾಗಿ ಕೂಡದೆ ಒತ್ತಡ ಸೋರುತ್ತದೆ.

ನೀರು ಹನಿಯಾಗಿ ಬಾರದೆ ಧಾರೆಯಾಗಿ ಬಂದರೆ ಗತಿ ಬೇರೆ. ಮೇಲೆ ಹೇಳಿದ 7.4 ಲೀಟರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು ಸುಮಾರು 930 ಮಿಲಿಲೀಟರ್. ಒತ್ತುವಿಕೆಯ ಅನುಪಾತ 9:1 ಎಂದಾದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 116 ಮಿಲಿಲೀಟರ್. ಇದು ಒಂದು ಸಣ್ಣ ಚಹದ ಲೋಟದಷ್ಟು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಆ ಲೋಟಕ್ಕಿಂತ ಒಂದಿಷ್ಟು ಹೆಚ್ಚು ನೀರು ಒಳಗೆ ನಿಂತಾಗ ಸ್ಟಾರ್ಟರ್ ತಿರುಗಿಸಿದರೆ ಎಂಜಿನ್ ಕಲ್ಲಿನಂತೆ ನಿಲ್ಲುತ್ತದೆ. ಓಡುತ್ತಿರುವಾಗಲೇ ತುಂಬಿದರೆ ಪಿಸ್ಟನ್ನಿಗೆ ಜೋಡಿಸಿದ ಕಬ್ಬಿಣದ ದಂಡ ಬಾಗುತ್ತದೆ, ಇಲ್ಲವೆ ಮುರಿದು ಎಂಜಿನ್ನಿನ ಮಗ್ಗುಲನ್ನೇ ಒಡೆಯುತ್ತದೆ.

ಹಿಗ್ಗುವುದು, ಕುಗ್ಗುವುದು, ಸೀಳುವುದು

ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ, ಮುಂದೆ ಮರಾಠಿ ಮಾಧ್ಯಮದಲ್ಲಿ ಕಲಿತವನು. ಕಾದ ಲೋಹ ಹಿಗ್ಗುವುದಕ್ಕೆ ಮರಾಠಿ ಪಠ್ಯದಲ್ಲಿ ‘ಪ್ರಸರಣ’ ಎಂದಿತ್ತು. ಕನ್ನಡದಲ್ಲಿ ಪ್ರಸರಣವೆಂದರೆ ಹರಡುವುದು. ಪತ್ರಿಕೆಯ ಪ್ರಸರಣ ಎನ್ನುತ್ತೇವೆ, ಲೋಹದ ಪ್ರಸರಣ ಎನ್ನುವುದಿಲ್ಲ. ಇಲ್ಲಿ ‘ಹಿಗ್ಗು’ ಎಂಬ ನಮ್ಮ ಮನೆಯ ಮಾತೇ ಸರಿ.

600 ಮಿಲಿಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ 500 ಡಿಗ್ರಿಯಷ್ಟು ಕಾದರೆ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಎರಕದ ಕಬ್ಬಿಣ ಅಷ್ಟೇ ಕಾದರೆ ಹಿಗ್ಗುವುದು ಮೂರೂವರೆಗಿಂತ ಕಡಿಮೆ. ಈಗ ನೀರಿನ ಅಂಗಿ ತೊಟ್ಟ ಹೆಡರನ್ನು ನೆನೆಯಿರಿ. ಒಳಗೋಡೆಗೆ ಬೆಂಕಿ ತಾಗಿದೆ. ಅದು ಹಿಗ್ಗಲು ಬಯಸುತ್ತದೆ. ಹೊರಗೋಡೆ ನೀರಿನಿಂದ ತಣ್ಣಗಿದೆ, ಅದು ಕದಲುವುದಿಲ್ಲ. ಎರಡನ್ನೂ ತುದಿಗಳಲ್ಲಿ ಬೆಸೆದು ಕಟ್ಟಿಹಾಕಿದ್ದಾರೆ. ಪ್ರತಿ ಸಲ ಎಂಜಿನ್ ಹೊತ್ತಿಸಿದಾಗ, ಆರಿಸಿದಾಗ ಆ ಬೆಸುಗೆಯ ಮೇಲೆ ಜಗ್ಗಾಟ ನಡೆಯುತ್ತದೆ. ನೂರಾರು ಸಲದ ಮೇಲೆ ಕೂದಲೆಳೆಯಂತಹ ಬಿರುಕು ಹುಟ್ಟುತ್ತದೆ. ಬಿರುಕು ಹೊರಗೆ ಬಿಟ್ಟರೆ ನೀರು ತೊಟ್ಟಿಕ್ಕಿ ಕಣ್ಣಿಗೆ ಬೀಳುತ್ತದೆ, ಅದು ಪುಣ್ಯ. ಒಳಗೆ ಬಿಟ್ಟರೆ ನೀರು ಸದ್ದಿಲ್ಲದೆ ಸಿಲಿಂಡರಿಗೆ ಇಳಿಯುತ್ತದೆ.

ನೀರಿನ ಪೂರೈಕೆಯೂ ಸಮನಾಗಿರಬೇಕು. ಜೆಟ್ ದೋಣಿಗಳಲ್ಲಿ ತಂಪಿನ ನೀರನ್ನು ದೋಣಿಯನ್ನು ನೂಕುವ ಪಂಪಿನಿಂದಲೇ ತೆಗೆದುಕೊಳ್ಳುವುದು ವಾಡಿಕೆ. ಅಲ್ಲಿ ನಿಧಾನಗತಿಯಲ್ಲಿ ನೀರು ಸಾಲದು, ವೇಗದಲ್ಲಿ ಒತ್ತಡ ವಿಪರೀತ. ಕೊಳವೆ ಒಣಗಿ ಕಾದ ಮೇಲೆ ತಣ್ಣೀರು ಒಮ್ಮೆಲೇ ಬಿದ್ದರೆ, ಕಾದ ಹಂಚಿನ ಮೇಲೆ ನೀರು ಚೆಲ್ಲಿದಂತೆ ಬೆಸುಗೆ ಬಿಡುತ್ತದೆ. ಒತ್ತಡವನ್ನು ಹದದಲ್ಲಿಡುವ ಕವಾಟವಿಲ್ಲದೆ ಹೆಡರ್ ಜೋಡಿಸಿದವರು ಈ ಪಾಠವನ್ನು ದುಬಾರಿ ಬೆಲೆಗೆ ಕಲಿತಿದ್ದಾರೆ.

ಎಂಜಿನ್ನಿಗೂ ಹೆಡರಿಗೂ ನಡುವೆ ಇರುವ ಗ್ಯಾಸ್ಕೆಟ್ಟಿನ ಗೋಳೂ ಇದೇ ಮೂಲದ್ದು. ಬೆಸುಗೆಯ ಬಿಸಿಗೆ ಹೆಡರಿನ ಚಪ್ಪಟೆಯ ಅಂಚು ಒಂದಿಷ್ಟು ಸೊಟ್ಟಗಾಗಿದ್ದರೆ ಬೋಲ್ಟನ್ನು ಎಷ್ಟು ಬಿಗಿದರೂ ಸಂದು ಮುಚ್ಚದು. ಹಿಗ್ಗಿ ಕುಗ್ಗಿ ಬೋಲ್ಟು ಸಡಿಲುತ್ತದೆ, ಸಂದಿನಿಂದ ಹೊಗೆ ಚಿಮ್ಮುತ್ತದೆ. ಸ್ಪಾರ್ಕ್ ಪ್ಲಗ್ಗಿನ ರಬ್ಬರಿನ ಟೋಪಿ ಕೊಳವೆಗೆ ತಾಕಿ ಸುಡುವುದೂ ಉಂಟು.

ಉಪ್ಪುನೀರಿನ ತುಕ್ಕು

ಕನ್ನಡದಲ್ಲಿ ತುಕ್ಕು, ಮರಾಠಿಯಲ್ಲಿ ಗಂಜ, ನಮ್ಮ ಕಡೆಯ ಆಡುಮಾತಿನಲ್ಲಿ ಜಂಗು. ಹೆಸರು ಯಾವುದಾದರೂ ಕೆಲಸ ಒಂದೇ. ಕ್ಯಾಲಿಫೋರ್ನಿಯ ಮತ್ತು ಅರಿಜೋನ ರಾಜ್ಯಗಳ ಗಡಿಯಲ್ಲಿ ಕೊಲರಾಡೊ ನದಿಗೆ ಅಣೆಕಟ್ಟು ಕಟ್ಟಿ ಆದ ಹವಾಸು ಸರೋವರದಲ್ಲಿ ವೇಗದ ದೋಣಿಗಳ ಹುಚ್ಚು ಬಹಳ. ಅಲ್ಲಿಯದು ಸಿಹಿನೀರು. ಅಲ್ಲಿ ವರ್ಷಗಟ್ಟಲೆ ಬಾಳಿದ ಹೆಡರನ್ನೇ ಫ್ಲಾರಿಡದ ಕಡಲಿಗೆ ಇಳಿಸಿದರೆ ಬೇಗನೆ ತೂತಾಗಬಹುದು.

ಸ್ಟೇನ್‌ಲೆಸ್ ಸ್ಟೀಲಿಗೆ ಜಂಗು ಹಿಡಿಯುವುದೇ ಇಲ್ಲವೆಂಬುದು ಅಡುಗೆಮನೆಯ ನಂಬಿಕೆ. ಅದರಲ್ಲಿರುವ ಕ್ರೋಮಿಯಂ, ಕನಿಷ್ಠ ನೂರಕ್ಕೆ ಹತ್ತೂವರೆ ಭಾಗ, ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಒಂದು ಪೊರೆಯನ್ನು ಕಟ್ಟಿ ಕಾಯುತ್ತದೆ. ಉಪ್ಪಿನ ಕ್ಲೋರೈಡು ಈ ಪೊರೆಯನ್ನು ಚುಕ್ಕೆ ಚುಕ್ಕೆಯಾಗಿ ಒಡೆಯುತ್ತದೆ. ಅದಕ್ಕೂ ಮೀರಿದ್ದು ಬೆಸುಗೆಯ ದೋಷ. ಉಕ್ಕು 450ರಿಂದ 850 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಇದ್ದರೆ ಅದರೊಳಗಿನ ಇಂಗಾಲವು ಕ್ರೋಮಿಯಮ್ಮನ್ನು ಹಿಡಿದುಕೊಂಡು ಲೋಹದ ಕಣಗಳ ಅಂಚಿನಲ್ಲಿ ಕೂಡುತ್ತದೆ. ಆ ಅಂಚಿನ ಪಕ್ಕದ ಲೋಹಕ್ಕೆ ಕಾವಲು ಇಲ್ಲದಾಗುತ್ತದೆ. ತುಕ್ಕು ಬೆಸುಗೆಯ ಮಗ್ಗುಲಿನಲ್ಲೇ ಮೊದಲು ಕಾಣುವುದು ಇದಕ್ಕಾಗಿ. ಆದುದರಿಂದ ಕಡಲಿನ ಕೆಲಸಕ್ಕೆ 316ಎಲ್ ಎಂಬ ಜಾತಿಯನ್ನು ಆರಿಸುತ್ತಾರೆ. ಅದರಲ್ಲಿ ಇಂಗಾಲ ನೂರಕ್ಕೆ 0.03ಕ್ಕಿಂತ ಹೆಚ್ಚಿಲ್ಲ; ಕ್ಲೋರೈಡಿಗೆ ಎದುರು ನಿಲ್ಲುವ ಮಾಲಿಬ್ಡಿನಂ ನೂರಕ್ಕೆ ಎರಡರಿಂದ ಮೂರು ಭಾಗವಿರುತ್ತದೆ. ಹೊಳಪು ಎರಡಕ್ಕೂ ಒಂದೇ, ನೋಡಿ ಗುರುತಿಸಲಾಗದು. ಕೊಳ್ಳುವವನು ಕೇಳಿ ತಿಳಿಯಬೇಕು.

ಕಾಣದ ಅನಿಲ

ಮುರಿದ ಎಂಜಿನ್ನಿಗೆ ಹಣ ತೆತ್ತರಾಯಿತು. ಇನ್ನೊಂದು ತೊಂದರೆಗೆ ಹಣದ ಪರಿಹಾರವಿಲ್ಲ. ಪೆಟ್ರೋಲಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮಿಕ್ಕಿದ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು. ದೋಣಿಯ ಮೇಲೆ ಇವನ್ನೆಲ್ಲ ಜನ ಬಿಸಿಲಿನ ಬಾಧೆ, ಅಲೆಯ ತೊನೆತ ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

2000ದ ಆಗಸ್ಟಿನಲ್ಲಿ ಅಮೆರಿಕದ ಪೊವೆಲ್ ಸರೋವರದಲ್ಲಿ ಒಂದು ಮನೆದೋಣಿಯ ಹಿಂಬದಿಯಲ್ಲಿ ಈಜುತ್ತಿದ್ದ ಇಬ್ಬರು ಬಾಲಕರು, ಅಣ್ಣತಮ್ಮಂದಿರು, ಹೀಗೆ ತೀರಿಕೊಂಡರು. ಅಲ್ಲಿ ಹೊಗೆ ಬಂದುದು ವಿದ್ಯುತ್ ಜನರೇಟರಿನಿಂದ. ಅದು ಈಜುವ ಹಲಗೆಯ ಅಡಿಯಲ್ಲಿ ಶೇಖರವಾಗಿತ್ತು. ತೆರೆದ ನೀರಿನ ಮೇಲೆ, ಬೀಸುವ ಗಾಳಿಯಲ್ಲಿ ವಿಷಾನಿಲ ಕೊಲ್ಲಲಾರದು ಎಂಬ ಭ್ರಮೆಯನ್ನು ಆ ಸಾವುಗಳು ಒಡೆದವು. ಹೆಡರಿನ ಸಡಿಲ ಸಂದು ಇದೇ ಅನಿಲವನ್ನು ನೇರವಾಗಿ ಎಂಜಿನ್ ಕೋಣೆಗೆ, ಅಲ್ಲಿಂದ ಜನ ಕುಳಿತ ಕೋಣೆಗೆ ಬಿಡುತ್ತದೆ.

ಹೊಂದಿಕೆಯೂ ಕಾನೂನೂ

ಹೊಗೆ ಸರಾಗವಾಗಿ ಹೋದರೆ ಗಾಳಿ ಹೆಚ್ಚು ಬರುತ್ತದೆ. ಅದಕ್ಕೆ ತಕ್ಕ ಪೆಟ್ರೋಲೂ ಬರಬೇಕು. ಪೂರ್ತಿ ಉರಿಯಲು ತೂಕದಲ್ಲಿ ಗಾಳಿ ಸುಮಾರು 14.7 ಪಾಲು, ಪೆಟ್ರೋಲು 1 ಪಾಲು ಬೇಕು. ಪೂರ್ಣ ಹೊರೆಯಲ್ಲಿ ಪೆಟ್ರೋಲು ಇನ್ನೂ ಹೆಚ್ಚಿರಬೇಕು. ಕಾರ್ಬ್ಯುರೇಟರಿನ ಜೆಟ್ಟನ್ನು ಬದಲಿಸದೆ ಹೆಡರ್ ಮಾತ್ರ ಬದಲಿಸಿದರೆ ಮಿಶ್ರಣ ತೆಳ್ಳಗಾಗಿ ಪಿಸ್ಟನ್ನೇ ಕರಗಬಹುದು. ಕಾರು ಇಳಿಜಾರಿನಲ್ಲಿ ದಣಿವಾರಿಸಿಕೊಳ್ಳುತ್ತದೆ; ದೋಣಿಗೆ ಇಳಿಜಾರೆಂಬುದಿಲ್ಲ. ಅದು ಯಾವಾಗಲೂ ಘಟ್ಟ ಹತ್ತುತ್ತಲೇ ಇರುತ್ತದೆ.

ಇನ್ನು, 2010ರ ಮಾದರಿಯಿಂದ ಈಚೆಗೆ ಅಮೆರಿಕದಲ್ಲಿ ದೋಣಿಯೊಳಗೆ ಕೂಡಿಸುವ ಸಾಮಾನ್ಯ ಪೆಟ್ರೋಲ್ ಎಂಜಿನ್ನುಗಳಿಗೆ ಹೊಗೆ ಶುದ್ಧಿಯ ಕಟ್ಟುನಿಟ್ಟಾದ ಮಿತಿಗಳಿವೆ. ಅದಕ್ಕಾಗಿ ಕೂಡುಗೊಳವೆಯಲ್ಲಿಯೇ ವೇಗವರ್ಧಕವನ್ನು ಅಳವಡಿಸಿರುತ್ತಾರೆ. ಅದನ್ನು ಕಿತ್ತು ಹೆಡರ್ ಹಾಕುವುದು ಕಾನೂನಿಗೆ ವಿರುದ್ಧ. ನಮ್ಮೂರಲ್ಲಿ ಬುಲೆಟ್ ಗಾಡಿಯ ಸೈಲೆನ್ಸರ್ ಬದಲಿಸಿ ದಂಡ ತೆರುವ ತರುಣರಿಗೆ ಈ ಕಥೆ ಹೊಸತೆನಿಸದು.

ಮಾಡಬೇಕಾದುದು

ಹೆಡರನ್ನು ಹಾಕಲೇಬಾರದೆಂದು ಇದರರ್ಥವಲ್ಲ. ನೀರು ಬೆರೆಯುವ ಜಾಗವನ್ನು ಎಂಜಿನ್ನಿನಿಂದ ದೂರಕ್ಕೆ, ಇಳಿಜಾರಿನ ಆಚೆಗೆ ಒಯ್ಯಬೇಕು. ಕ್ಯಾಮ್ ದಂಡವನ್ನು ಹೆಡರಿಗೆ ಹೊಂದುವಂತೆ ಆರಿಸಬೇಕು. ಮೊದಲ ಕೆಲವು ಓಟಗಳ ಬಳಿಕ ಬೋಲ್ಟುಗಳನ್ನು ಮರಳಿ ಬಿಗಿಯಬೇಕು. ವರ್ಷಕ್ಕೊಮ್ಮೆ ಹೆಡರನ್ನು ಬಿಚ್ಚಿ, ಅಂಗಿಯ ಬಾಯಿಗಳನ್ನು ಮುಚ್ಚಿ, ಒತ್ತಡದ ಗಾಳಿ ತುಂಬಿ ಬಿರುಕನ್ನು ಪರೀಕ್ಷಿಸಬೇಕು. ಕೂಡಲಿನ ಒಣ ಭಾಗದಲ್ಲಿ ತುಕ್ಕಿನ ಗೆರೆಯೋ ಉಪ್ಪಿನ ಬಿಳುಪೋ ಕಂಡರೆ ನೀರು ಮರಳುತ್ತಿದೆ ಎಂದೇ ಅರ್ಥ. ಒಳಗೆ ನೀರಿದೆಯೆಂಬ ಸಂಶಯ ಬಂದರೆ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದ ಮೇಲೆಯೇ ಎಂಜಿನ್ ತಿರುಗಿಸಬೇಕು. ಕಡಲಿನಿಂದ ಬಂದ ಮೇಲೆ ಸಿಹಿನೀರು ಹರಿಸಿ ತೊಳೆಯಬೇಕು. ಕಾರ್ಬನ್ ಮೊನಾಕ್ಸೈಡಿನ ಎಚ್ಚರಿಕೆಯ ಗಂಟೆ ದೋಣಿಯಲ್ಲಿರಲೇಬೇಕು.

ಈಗ ಆ ಪರಿಚ್ಛೇದವನ್ನು ಮತ್ತೆ ಅನುವಾದಿಸಿ ನೋಡಿ. ‘ಹೆಡರ್’ ಎಂಬುದನ್ನು ಹೆಡರ್ ಎಂದೇ ಇಟ್ಟುಕೊಂಡರೂ ಅಡ್ಡಿಯಿಲ್ಲ. ‘ಬಿಡಿಕೊಳವೆಗಳ ಗುಂಪು’ ಎಂದು ಒಮ್ಮೆ ಬಿಡಿಸಿ ಹೇಳಿದರೆ ಸಾಕು. ನೀರಿನ ಅಂಗಿ, ಕೂಡಲು, ಒಡ್ಡು, ಬಾಗು, ಹಿಗ್ಗು, ಬೆಸುಗೆ, ಸಂದು: ಉಳಿದ ಪದಗಳೆಲ್ಲ ಹೊಲಮನೆಗಳಲ್ಲಿ, ಕಮ್ಮಾರಸಾಲೆಯಲ್ಲಿ ನಮಗಾಗಿ ಕಾದಿದ್ದವು. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಮೂರನೆಯದರಿಂದ ಅರ್ಥ ತರುವುದು ಕಷ್ಟವಾಗಬಾರದು. ಮೊದಲು ಕೊಳವೆಯನ್ನು ನೋಡಿರಿ, ಅದರೊಳಗೆ ಏನು ಹರಿಯುತ್ತದೆ ಎಂದು ಕೇಳಿರಿ, ಅದು ಸೀಳಿದರೆ ಯಾರಿಗೆ ಏನಾಗುತ್ತದೆ ಎಂದು ತಿಳಿಯಿರಿ. ಆಮೇಲೆ ಲೇಖನಿ ಎತ್ತಿರಿ. ಬರುವ ಸೋಮವಾರ ಅದೇ ಪರಿಚ್ಛೇದವನ್ನು ತರಗತಿಯಲ್ಲಿ ಮತ್ತೊಮ್ಮೆ ಬರೆಸುತ್ತೇನೆ.